ಶಿವನಸಮುದ್ರದ 25 ಸುತ್ತಿನಿಂದ ಬೆಂಕಿಪೊಟ್ಟಣದಷ್ಟು ಚಾರ್ಜರ್‌ವರೆಗೆ

ಅರಕಲಗೂಡು, ಕೊಣನೂರು, ರಾಮನಾಥಪುರ, ಎಲ್ಲಿಯ ಮೊಬೈಲ್ ಅಂಗಡಿಗೆ ಹೋದರೂ ಗಾಜಿನ ಕಪಾಟಿನಲ್ಲಿ ಈಗ ಎರಡು ಜಾತಿಯ ಚಾರ್ಜರ್ ಕೂತಿವೆ. ಒಂದು ನಮಗೆಲ್ಲ ಗೊತ್ತಿರುವ ಮಾಮೂಲಿ ಅಡಾಪ್ಟರ್. ಇನ್ನೊಂದು ಅದಕ್ಕಿಂತ ಚಿಕ್ಕದು, ಬೆಲೆ ಮಾತ್ರ ಜಾಸ್ತಿ. ಡಬ್ಬಿಯ ಮೇಲೆ ದೊಡ್ಡದಾಗಿ ‘ಗ್ಯಾನ್’ ಎಂದು ಬರೆದಿರುತ್ತಾರೆ. ಗ್ಯಾಲಿಯಂ ನೈಟ್ರೈಡ್ ಎಂಬುದರ ಮೊಟಕು ಹೆಸರು ಅದು. ರುದ್ರಪಟ್ಟಣದ ಓದುಗರೊಬ್ಬರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಅಲ್ಲ ಸಾರ್, ದೊಡ್ಡದಕ್ಕೆ ಕಡಿಮೆ ದುಡ್ಡು, ಚಿಕ್ಕದಕ್ಕೆ ಜಾಸ್ತಿ ದುಡ್ಡು, ಇದ್ಯಾವ ನ್ಯಾಯ? ನಮ್ಮೂರಿನ ಕರೆಂಟಿಗೆ ಅದು ತಡೆಯುತ್ತಾ?”

ಪ್ರಶ್ನೆಯ ಎರಡನೇ ಭಾಗವೇ ಮುಖ್ಯವಾದದ್ದು. ಯೂಟ್ಯೂಬಿನಲ್ಲಿ ಗ್ಯಾನ್ ಚಾರ್ಜರ್ ಬಗ್ಗೆ ಮಾತಾಡುವವರಲ್ಲಿ ಬಹಳ ಮಂದಿಯ ಮನೆಗೆ ಕರೆಂಟು ಬರುವುದು ನಗರದ ಒಳ್ಳೆಯ ಲೈನಿನಿಂದ. ನಮ್ಮದು ಟಿಸಿಯಿಂದ ಅರ್ಧ ಮೈಲಿ ದೂರದ ಮನೆ, ಮಧ್ಯದಲ್ಲಿ ನಾಲ್ಕು ಪಂಪ್‌ಸೆಟ್. ಹಾಗಾಗಿ ಉತ್ತರವನ್ನು ಸ್ವಲ್ಪ ಹಿಂದಿನಿಂದ, ಕರೆಂಟು ನಮ್ಮ ಸೀಮೆಗೆ ಬಂದ ಕಾಲದಿಂದಲೇ ಹೇಳಬೇಕಾಗುತ್ತದೆ.

ರುದ್ರಪಟ್ಟಣದ ಪಕ್ಕದಲ್ಲಿ ಹರಿಯುವ ಕಾವೇರಿ ಮುಂದೆ ಕನ್ನಂಬಾಡಿ ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಸಿದ್ಧವಾಗಿ, 1902ರಲ್ಲಿ ಕರೆಂಟು ಹುಟ್ಟಿತು. ಮೊದಲು ಹೋಗಿದ್ದು ಮನೆಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿಲೋಮೀಟರ್ ದೂರದ ಲೈನು, ಸುಮಾರು 30,000 ವೋಲ್ಟ್. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಆಮೇಲೆ, 1905ರಲ್ಲಿ.

ಇಲ್ಲಿ ನಮ್ಮ ಚಾರ್ಜರ್ ಕಥೆಗೆ ಬೇಕಾದ ಒಂದು ಸಣ್ಣ ವಿವರ ಇದೆ. ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಸಲ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿತ್ತು, ಅಂದರೆ 25 ಸೈಕಲ್. ಈಗ ನಮ್ಮ ಮನೆಗೆ ಬರುವುದು 50 ಸೈಕಲ್. ಸೈಕಲ್ ಕಡಿಮೆಯಾದಷ್ಟೂ ಅಷ್ಟೇ ಕೆಲಸಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಕಬ್ಬಿಣ ಜಾಸ್ತಿ, ತಾಮ್ರ ಜಾಸ್ತಿ. ಬಾವಿಯಿಂದ ತೊಟ್ಟಿಗೆ ನೀರು ಸೇದುವುದನ್ನು ನೆನೆಸಿಕೊಳ್ಳಿ. ನಿಮಿಷಕ್ಕೆ ಎರಡೇ ಸಲ ಸೇದುವುದಾದರೆ ಕೊಪ್ಪರಿಗೆಯಷ್ಟು ದೊಡ್ಡ ಬಿಂದಿಗೆ ಬೇಕು. ನಿಮಿಷಕ್ಕೆ ಇನ್ನೂರು ಸಲ ಸೇದಬಲ್ಲ ಕೈ ಇದ್ದರೆ ಒಂದು ಚೊಂಬು ಸಾಕು, ತೊಟ್ಟಿ ಅಷ್ಟೇ ಹೊತ್ತಿಗೆ ತುಂಬುತ್ತದೆ. ಕಳೆದ ನೂರಿಪ್ಪತ್ತು ವರ್ಷದಲ್ಲಿ ಚಾರ್ಜರ್ ಚಿಕ್ಕದಾಗುತ್ತಾ ಬಂದಿದ್ದರ ಗುಟ್ಟು ಇಷ್ಟೇ. ಕೈ ವೇಗವಾಯಿತು, ಬಿಂದಿಗೆ ಚಿಕ್ಕದಾಯಿತು.

ಎಲಿಮಿನೇಟರ್ ಕಾಲ

ನಲವತ್ತು ದಾಟಿದವರಿಗೆ ‘ಎಲಿಮಿನೇಟರ್’ ಅಂದರೆ ಗೊತ್ತು. ರೇಡಿಯೋಗೆ ಸೆಲ್ ಹಾಕಿ ಹಾಕಿ ಸಾಕಾದವರು ತರುತ್ತಿದ್ದ ಕಪ್ಪು ಡಬ್ಬಿ ಅದು. ಬ್ಯಾಟರಿಯನ್ನು ಎಲಿಮಿನೇಟ್ ಮಾಡುವುದರಿಂದ ಆ ಹೆಸರು. ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ಭಾರ. ಪ್ಲಗ್ಗಿಗೆ ಸಿಕ್ಕಿಸಿದರೆ ತೂಕಕ್ಕೆ ಬಗ್ಗಿ ಸಡಿಲವಾಗುತ್ತಿತ್ತು. ಒಳಗೆ ಇದ್ದದ್ದು ನಿಜವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಊರ ಹೊರಗಿನ ಟಿಸಿಯ ಮರಿ. ಅದು 50 ಸೈಕಲ್‌ನಲ್ಲೇ ಕೆಲಸ ಮಾಡಬೇಕಿದ್ದರಿಂದ ಚಿಕ್ಕದಾಗಲು ದಾರಿಯೇ ಇರಲಿಲ್ಲ. ಒಳಗೆ ಹೋದ ಕರೆಂಟಿನಲ್ಲಿ ಅರ್ಧದಷ್ಟು ಬಿಸಿಯಾಗಿ ಹೋಗುವುದೂ ಸಾಮಾನ್ಯವಾಗಿತ್ತು. ಚಳಿಗಾಲದಲ್ಲಿ ಬೆಕ್ಕು ಅದರ ಪಕ್ಕ ಮಲಗುತ್ತಿದ್ದದ್ದು ಸುಮ್ಮನೆ ಅಲ್ಲ.

ಆದರೆ ಆ ಡಬ್ಬಿಗೆ ಒಂದು ಗುಣ ಇತ್ತು. ಒಳಗೆ ಕೆಡುವಂಥದ್ದು ಹೆಚ್ಚೇನೂ ಇರಲಿಲ್ಲ. ಸಣ್ಣಪುಟ್ಟ ಏಟು ತಿಂದು ಸುಮ್ಮನಿರುತ್ತಿತ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಅದೇ ಹೊತ್ತಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೇರೆ ಕೆಲಸ ನಡೆದಿತ್ತು. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವ್ ಮಾಡಿತು. 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರಿನಂಥ ಬಿಡಿಭಾಗಗಳಿಗೆ ಕೈ ಹಾಕಿತು. 1967ರಲ್ಲಿ ಸಿಲಿಕಾನ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಮೊದಲ ಟ್ರಾನ್ಸಿಸ್ಟರ್ ಕೂಡ ಜರ್ಮೇನಿಯಂದೇ. ಆದರೆ ಜರ್ಮೇನಿಯಂ ಬಿಸಿ ತಡೆಯದು. ಸಿಲಿಕಾನ್ ತಡೆಯುತ್ತದೆ, ಜೊತೆಗೆ ಮರಳಿನಿಂದ ಬರುವ ಕಾರಣ ಕಚ್ಚಾವಸ್ತುವಿಗೆ ಬರ ಇಲ್ಲ. ಹಾಗಾಗಿ ಒಂದು ವಸ್ತು ಹೋಗಿ ಇನ್ನೊಂದು ಬಂದಿತು. ಸಿಲಿಕಾನನ್ನು ಹೊರದೇಶದಿಂದ ತರಿಸದೆ ಇಲ್ಲೇ ಶುದ್ಧಮಾಡುವ ವಿಧಾನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎ.ಆರ್. ವಾಸುದೇವಮೂರ್ತಿ ದುಡಿದರು. ಅದು ಕಾರ್ಖಾನೆಯ ರೂಪಕ್ಕೆ ಬಂದದ್ದು ಮೆಟ್ಟೂರಿನಲ್ಲಿ, 1980ರ ದಶಕದಲ್ಲಿ. ಮೆಟ್ಟೂರು ಅಂದರೆ ಮತ್ತೆ ಕಾವೇರಿಯೇ. ರುದ್ರಪಟ್ಟಣದ ಮುಂದೆ ಹಾದುಹೋದ ನೀರು ಮೊದಲು ಶಿವನಸಮುದ್ರ, ಆಮೇಲೆ ಮೆಟ್ಟೂರು. ಈ ಕಥೆಯೂ ಹೊಳೆಯ ಜೊತೆಗೇ ಇಳಿದಿದೆ ಅನ್ನಿಸುತ್ತದೆ ನನಗೆ.

ಸಿಲಿಕಾನ್ ಕೈಗೆ ವೇಗ ಬಂದದ್ದು

ಸಿಲಿಕಾನ್ ಟ್ರಾನ್ಸಿಸ್ಟರ್ ಅಂದರೆ ಕಡೆಗೂ ಒಂದು ಸ್ವಿಚ್ಚು. ಬೆರಳಿನಲ್ಲಿ ಒತ್ತುವ ಸ್ವಿಚ್ಚನ್ನು ಸೆಕೆಂಡಿಗೆ ಎರಡು ಮೂರು ಸಲ ಹಾಕಿ ತೆಗೆಯಬಹುದು. ಇದು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯುತ್ತದೆ. ಎಂಜಿನಿಯರುಗಳು ಮಾಡಿದ ಉಪಾಯ ಹೀಗಿದೆ: ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು ಮೊದಲು ಸುಮಾರು 325 ವೋಲ್ಟಿನ ಡಿಸಿ ಮಾಡು. ಅದನ್ನು ಟ್ರಾನ್ಸಿಸ್ಟರಿನಿಂದ ಸಣ್ಣಸಣ್ಣ ತುಂಡಾಗಿ ಕತ್ತರಿಸು. ಆ ತುಂಡುಗಳನ್ನು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ 5 ವೋಲ್ಟಿಗೆ ಇಳಿಸು. 50 ಸೈಕಲ್ ಇದ್ದ ಜಾಗದಲ್ಲಿ ಈಗ ಅರವತ್ತು ಎಪ್ಪತ್ತು ಸಾವಿರ. ಬಿಂದಿಗೆ ಹೋಗಿ ಚೊಂಬು ಬಂತು.

1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಈ ಬಗೆಯ ಪವರ್ ಸಪ್ಲೈ ಹಾಕಿದ್ದರು. ಅದಕ್ಕೆ ಮೊದಲೂ ಬೇರೆ ಕಡೆ ಇತ್ತು, ಆದರೆ ಮನೆಯೊಳಗಿನ ಯಂತ್ರಕ್ಕೆ ಅದು ಬಂದದ್ದು ಜನರ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತದಿಂದ ದೆಹಲಿಗೆ. ಆಗಿನ ಕೆಲವು ಫೋನುಗಳ ಚಾರ್ಜರ್ ಇನ್ನೂ ಎಲಿಮಿನೇಟರ್ ಥರವೇ ಭಾರ ಇತ್ತು. ಆಮೇಲೆ ಸ್ವಿಚ್ಚಿನ ಚಾರ್ಜರುಗಳು ಬಂದು ತೂಕ ಇಳಿಯಿತು.

ತೊಂದರೆ ಶುರುವಾದದ್ದು ಫೋನಿನ ಹೊಟ್ಟೆ ದೊಡ್ಡದಾದಾಗ. ಮೊದಲು 5 ವ್ಯಾಟ್ ಸಾಕಾಗುತ್ತಿತ್ತು. 10 ಆಯಿತು, 18 ಆಯಿತು, ಈಗ 33, 67 ಎಂದು ಹೋಗುತ್ತಿದೆ. ಸಿಲಿಕಾನ್ ಸ್ವಿಚ್ಚನ್ನು ಇನ್ನೂ ವೇಗವಾಗಿ ಹೊಡೆದು ಡಬ್ಬಿ ಚಿಕ್ಕದು ಮಾಡೋಣ ಅಂದರೆ ಆಗದು. ಪ್ರತಿ ಸಲ ತೆರೆದು ಮುಚ್ಚುವಾಗಲೂ ಒಂದಿಷ್ಟು ಕರೆಂಟು ಬಿಸಿಯಾಗಿ ನಷ್ಟವಾಗುತ್ತದೆ. ವೇಗ ಎರಡು ಪಟ್ಟಾದರೆ ಆ ನಷ್ಟವೂ ಎರಡು ಪಟ್ಟು. ಸೇದುವ ಕೈ ವೇಗವಾಯಿತು, ಆದರೆ ಪ್ರತಿ ಚೊಂಬಿನಲ್ಲೂ ಒಂದಿಷ್ಟು ಚೆಲ್ಲುತ್ತಿದೆ ಅಂದ ಹಾಗೆ.

ಅಂಗೈಯಲ್ಲಿ ಕರಗುವ ಲೋಹ

ಗ್ಯಾಲಿಯಂ ವಿಚಿತ್ರ ಲೋಹ. ಇಂಥದ್ದೊಂದು ಇರಲೇಬೇಕು ಎಂದು ರಷ್ಯಾದ ಮೆಂಡಲೀವ್ 1871ರಲ್ಲೇ ಲೆಕ್ಕ ಹಾಕಿ ಹೇಳಿದ್ದ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಅದನ್ನು ಕಂಡುಹಿಡಿದ. 29.76 ಡಿಗ್ರಿಗೆ ಕರಗುತ್ತದೆ. ಅಂದರೆ ನಮ್ಮ ಏಪ್ರಿಲ್ ತಿಂಗಳಲ್ಲಿ ಮೇಜಿನ ಮೇಲೆ ಇಟ್ಟರೆ ಬೆಣ್ಣೆಯ ಹಾಗೆ ನೀರಾಗುತ್ತದೆ. ಅದೇ ಗ್ಯಾಲಿಯಂ ನೈಟ್ರೋಜನ್ ಜೊತೆ ಸೇರಿದರೆ ಬಿಸಿಗೆ ಜಗ್ಗದ ಗಟ್ಟಿ ಹರಳು. ಅದೇ ಗ್ಯಾಲಿಯಂ ನೈಟ್ರೈಡ್.

ಗ್ಯಾಲಿಯಂಗೆ ಬೇರೆ ಗಣಿ ಅಂತ ಇಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವಾಗ ಉಪ ಉತ್ಪನ್ನವಾಗಿ ಸಿಗುವುದೇ ಹೆಚ್ಚು. ಅಂಥ ಅಲ್ಯೂಮಿನಾ ಕಾರ್ಖಾನೆ ನಮ್ಮ ಬೆಳಗಾವಿಯಲ್ಲೂ ಇದೆ. ಆದರೆ ಇವತ್ತು ಪ್ರಪಂಚದ ಕಚ್ಚಾ ಗ್ಯಾಲಿಯಂನಲ್ಲಿ ಹೆಚ್ಚುಕಡಿಮೆ ಎಲ್ಲವೂ ಚೀನಾದ್ದು. 2023ರ ಆಗಸ್ಟಿನಿಂದ ಚೀನಾ ಇದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ದೊಡ್ಡ ದೊಡ್ಡ ದೇಶಗಳೇ ಗಾಬರಿಯಾದವು.

ಈ ಹರಳು ಮೊದಲು ಹೆಸರು ಮಾಡಿದ್ದು ಚಾರ್ಜರಿನಲ್ಲಿ ಅಲ್ಲ, ದೀಪದಲ್ಲಿ. ಜಪಾನಿನ ಅಕಸಾಕಿ, ಅಮಾನೊ, ನಕಾಮುರಾ ಇದರಿಂದ ನೀಲಿ ಎಲ್‌ಇಡಿ ಮಾಡಿದರು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ನಿಮ್ಮ ಹಟ್ಟಿಯಲ್ಲಿ ಉರಿಯುತ್ತಿರುವ ಬಿಳಿ ಎಲ್‌ಇಡಿ ಬಲ್ಬಿನ ಮೂಲ ಇದೇ. ಹಾಗಾಗಿ ಗ್ಯಾಲಿಯಂ ನೈಟ್ರೈಡ್ ನಮ್ಮ ಹಳ್ಳಿಗೆ ಹೊಸದೇನಲ್ಲ. ಚಾರ್ಜರಿಗಿಂತ ಮುಂಚೆಯೇ ಬಲ್ಬಿನ ಒಳಗೆ ಕೂತು ಬಂದಿದೆ, ನಾವು ಹೆಸರು ಕೇಳಿರಲಿಲ್ಲ ಅಷ್ಟೆ.

ಸ್ವಿಚ್ಚಾಗಿ ಅದರ ಗುಣ ಏನು? ಸಿಲಿಕಾನ್ ತಡೆಯುವ ವಿದ್ಯುತ್ ಒತ್ತಡದ ಸುಮಾರು ಹತ್ತು ಪಟ್ಟನ್ನು ಅದು ಅಷ್ಟೇ ದಪ್ಪದಲ್ಲಿ ತಡೆಯುತ್ತದೆ. ಹಾಗಾಗಿ ಸ್ವಿಚ್ಚನ್ನು ತೀರಾ ಚಿಕ್ಕದು ಮಾಡಬಹುದು. ಚಿಕ್ಕದಾದ್ದರಿಂದ ತೆರೆಯಲು ಮುಚ್ಚಲು ಕಡಿಮೆ ಶ್ರಮ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೊಡೆದರೂ ಚೆಲ್ಲುವುದು ಕಡಿಮೆ. ಇದರ ತಾಕತ್ತು ಲೋಕಕ್ಕೆ ಕಂಡ ಒಂದು ಸಂದರ್ಭ ಹೇಳುತ್ತೇನೆ. 2014ರಲ್ಲಿ ಗೂಗಲ್ ಕಂಪನಿ ಮತ್ತು ಎಂಜಿನಿಯರುಗಳ ಸಂಘ ಐಇಇಇ ಸೇರಿ ಒಂದು ಪಂದ್ಯ ಇಟ್ಟವು: 2 ಕಿಲೋವ್ಯಾಟಿನ ಇನ್ವರ್ಟರನ್ನು ಸಾಧ್ಯವಾದಷ್ಟು ಚಿಕ್ಕ ಡಬ್ಬಿಯಲ್ಲಿ ಮಾಡಿ ತೋರಿಸಿ, ಬಹುಮಾನ 10 ಲಕ್ಷ ಡಾಲರ್. 2016ರಲ್ಲಿ ಗೆದ್ದ ಬೆಲ್ಜಿಯಂ ತಂಡ ಬಳಸಿದ್ದು ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್. ಅದಾದ ಎರಡು ಮೂರು ವರ್ಷಕ್ಕೆ ಚಾರ್ಜರುಗಳು ಅಂಗಡಿಗೆ ಬಂದವು. 2020ರಲ್ಲಿ ಶಿಯೋಮಿ 65 ವ್ಯಾಟಿನದ್ದನ್ನು ತಂದಿತು, 2021ರಲ್ಲಿ ಆಪಲ್ ತನ್ನ 140 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಇದನ್ನು ಹಾಕಿತು.

ಬೆಂಗಳೂರಿನಲ್ಲಿ ನಡೆದದ್ದು

ಇಲ್ಲಿ ನಮ್ಮ ನಾಡಿನ ಪಾಲು ದೊಡ್ಡದು, ಆದರೆ ಸುದ್ದಿಯಾದದ್ದು ಕಡಿಮೆ. ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನುತ್ತಾರೆ. ಅಲ್ಲಿ ಶ್ರೀನಿವಾಸನ್ ರಾಘವನ್, ನವಕಾಂತ ಭಟ್, ಮಯಾಂಕ್ ಶ್ರೀವಾಸ್ತವ, ದಿಗ್ಬಿಜಯ್ ನಾಥ್, ಆರ್. ಮುರಳೀಧರನ್ ಮುಂತಾದವರ ತಂಡ ವರ್ಷಗಟ್ಟಲೆ ಈ ಹರಳಿನ ಬೆನ್ನು ಹತ್ತಿತ್ತು.

ಅವರ ಮುಂದಿದ್ದ ಒಂದು ಕಷ್ಟ ನಮ್ಮ ಮನೆ ಕಟ್ಟುವ ಗಾರೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಶುದ್ಧ ಗ್ಯಾಲಿಯಂ ನೈಟ್ರೈಡ್ ಬಿಲ್ಲೆ ಬಹಳ ದುಬಾರಿ. ಅದಕ್ಕೆ ಅಗ್ಗದ ಸಿಲಿಕಾನ್ ಬಿಲ್ಲೆಯ ಮೇಲೆಯೇ ಅದನ್ನು ತೆಳು ಪದರವಾಗಿ ಬೆಳೆಸುತ್ತಾರೆ, ಸಾವಿರ ಡಿಗ್ರಿ ದಾಟಿದ ಶಾಖದಲ್ಲಿ. ತಣ್ಣಗಾಗುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿದರೆ ಬಿರುಕು ಬಿಡುವುದಿಲ್ಲವೇ, ಹಾಗೆ. ನಡುವೆ ಬೇರೆ ಬೇರೆ ಪದರ ಕೊಟ್ಟು ಬಿರುಕು ಬಾರದ ಹಾಗೆ ಬೆಳೆಸುವುದೇ ಒಂದು ವಿದ್ಯೆ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ‘ಗ್ಯಾನ್ ಬಂತು, ಸಿಲಿಕಾನ್ ಹೋಯ್ತು’ ಅನ್ನುವುದು ಸುಳ್ಳು. ನಿಮ್ಮ ಗ್ಯಾನ್ ಚಾರ್ಜರಿನ ಗ್ಯಾನ್ ಸಾಮಾನ್ಯವಾಗಿ ಸಿಲಿಕಾನ್ ಮೇಲೆಯೇ ಕೂತಿರುತ್ತದೆ. ಅದಕ್ಕೆ ಅಪ್ಪಣೆ ಕೊಡುವ ಕಂಟ್ರೋಲ್ ಚಿಪ್ ಕೂಡ ಸಿಲಿಕಾನೇ. ಬದಲಾದದ್ದು ಮುಖ್ಯವಾಗಿ ಆ ಒಂದು ಸ್ವಿಚ್ಚು.

ಎರಡನೇ ಕಷ್ಟ ಸುರಕ್ಷತೆಯದು. ಗ್ಯಾಲಿಯಂ ನೈಟ್ರೈಡ್ ಸ್ವಿಚ್ಚು ಹುಟ್ಟಿನಿಂದಲೇ ತೆರೆದ ನಲ್ಲಿಯ ಹಾಗೆ. ಮುಚ್ಚು ಅಂದರೆ ಮಾತ್ರ ಮುಚ್ಚುತ್ತದೆ. ಹೇಳುವವನು ಕೈಕೊಟ್ಟರೆ ನೀರು ಹರಿಯುತ್ತಲೇ ಇರುತ್ತದೆ, ಕರೆಂಟಿನ ವಿಷಯದಲ್ಲಿ ಅದು ಅಪಾಯ. ಮಾಮೂಲಿಯಾಗಿ ಮುಚ್ಚಿದ್ದು, ಹೇಳಿದಾಗ ಮಾತ್ರ ತೆರೆಯುವ ಸ್ವಿಚ್ಚು ಬೇಕು. ಅದಕ್ಕೆ ಇ-ಮೋಡ್ ಅನ್ನುತ್ತಾರೆ. ವಿಜ್ಞಾನ ಸಂಸ್ಥೆಯ ತಂಡ ದೇಶದ ಮೊದಲ ಇ-ಮೋಡ್ ಗ್ಯಾಲಿಯಂ ನೈಟ್ರೈಡ್ ಪವರ್ ಟ್ರಾನ್ಸಿಸ್ಟರ್ ಮಾಡಿದ್ದಾಗಿ 2019ರಲ್ಲಿ ಪ್ರಕಟಿಸಿತು. 600 ವೋಲ್ಟ್, 4 ಆಂಪಿಯರ್. ಚಾರ್ಜರಿಗೆ ಬೇಕಾಗುವ ಅಳತೆಯೇ ಅದು. ಅದೇ ವರ್ಷ ಆ ಪ್ರಾಧ್ಯಾಪಕರ ಗುಂಪಿನಿಂದ ಅಗ್ನಿಟ್ ಸೆಮಿಕಂಡಕ್ಟರ್ಸ್ ಎಂಬ ಕಂಪನಿ ಹೊರಬಂತು. ಈ ವಿದ್ಯೆಯನ್ನು ಬೆಳೆಸುವ ಕೇಂದ್ರವೊಂದಕ್ಕೆ ಕೇಂದ್ರದ ಎಲೆಕ್ಟ್ರಾನಿಕ್ಸ್ ಸಚಿವಾಲಯ ಹಣ ಕೊಟ್ಟಿತು. ಸರ್ಕಾರಕ್ಕೆ ಆಸಕ್ತಿ ನಮ್ಮ ಫೋನಿನ ಮೇಲಲ್ಲ ಅನ್ನುವುದೂ ನಿಜ. ಇದೇ ಹರಳಿನಿಂದ ಯುದ್ಧವಿಮಾನದ ರಾಡಾರ್, ಟೆಲಿಕಾಂ ಟವರಿನ ಭಾಗ ಆಗುತ್ತದೆ, ಅದನ್ನು ಬೇರೆ ದೇಶಗಳು ಸುಲಭವಾಗಿ ಕೊಡುವುದಿಲ್ಲ. ಆದರೂ 1962ರ ಜರ್ಮೇನಿಯಂ, 1967ರ ಸಿಲಿಕಾನ್, 2019ರ ಗ್ಯಾಲಿಯಂ ನೈಟ್ರೈಡ್ ಮೂರೂ ಒಂದೇ ಊರಿನಲ್ಲಿ ನಡೆದವು. ಅರಕಲಗೂಡಿನ ಹುಡುಗ ಹುಡುಗಿಯರು ಇದನ್ನು ತಿಳಿದಿರಬೇಕು.

ಹಾಗಾದರೆ ಯಾವುದು ಮೇಲು?

ಒಳ್ಳೆಯ ಸಿಲಿಕಾನ್ ಚಾರ್ಜರ್ ಗೋಡೆಯಿಂದ 100 ತೆಗೆದುಕೊಂಡರೆ 87–88 ಫೋನಿಗೆ ಕೊಡುತ್ತದೆ. ಒಳ್ಳೆಯ ಗ್ಯಾನ್ ಚಾರ್ಜರ್ 92–93 ಕೊಡುತ್ತದೆ. ಕೇಳಲು ಐದೇ ಅಂಕಿ. ಆದರೆ ಬಿಸಿಯ ಲೆಕ್ಕ ನೋಡಿ. 65 ವ್ಯಾಟ್ ಕೊಡುವಾಗ ಸಿಲಿಕಾನಿನದ್ದು ಸುಮಾರು 9 ವ್ಯಾಟನ್ನು ಬಿಸಿಯಾಗಿ ಕಳೆಯುತ್ತದೆ, ಗ್ಯಾನಿನದ್ದು ಸುಮಾರು 5. ಬಿಸಿ ಹತ್ತಿರ ಹತ್ತಿರ ಅರ್ಧವಾಯಿತು. ಅದಕ್ಕೇ ಡಬ್ಬಿ ಚಿಕ್ಕದು ಮಾಡಲು ಸಾಧ್ಯವಾದದ್ದು. ಆದರೆ ಗಮನಿಸಿ, ಬಿಸಿ ಕಡಿಮೆಯಾದ ಲಾಭವನ್ನು ಕಂಪನಿಯವರು ಡಬ್ಬಿ ಕುಗ್ಗಿಸಲು ಖರ್ಚು ಮಾಡಿಬಿಟ್ಟಿದ್ದಾರೆ. ಚಿಕ್ಕ ಮೈ, ಬಿಸಿ ಹೊರಹೋಗಲು ಕಡಿಮೆ ಜಾಗ. ಹಾಗಾಗಿ ಮುಟ್ಟಿದರೆ ಗ್ಯಾನ್ ಚಾರ್ಜರ್ ಕೂಡ ಬಿಸಿಯೇ ಇರುತ್ತದೆ. ‘ಗ್ಯಾನ್ ಬಿಸಿಯಾಗಲ್ಲ’ ಅನ್ನುವ ಅಂಗಡಿಯವರ ಮಾತು ಅರ್ಧಸತ್ಯ.

ಕರೆಂಟ್ ಬಿಲ್ಲು ಉಳಿಯುತ್ತದೆಯೇ? ಸಾಮಾನ್ಯ ಫೋನಿನ 5,000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಅವರ್. ಫೋನಿನೊಳಗಿನ ನಷ್ಟವೂ ಸೇರಿ ಚಾರ್ಜರ್ 22 ಕೊಡಬೇಕು ಅನ್ನಿ. ನೂರಕ್ಕೆ 85 ಕೊಡುವ ಸಾಧಾರಣ ಸಿಲಿಕಾನ್ ಚಾರ್ಜರ್ ಗೋಡೆಯಿಂದ ಸುಮಾರು 26 ಎಳೆಯುತ್ತದೆ, 92 ಕೊಡುವ ಗ್ಯಾನ್ 24. ದಿನಕ್ಕೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ವರ್ಷಕ್ಕೆ ಉಳಿಯುವುದು ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಒಂದು ಟೀ ದುಡ್ಡು. ಗೃಹಜ್ಯೋತಿಯ 200 ಯೂನಿಟ್ ಒಳಗಿರುವ ಮನೆಗೆ ಅದೂ ಇಲ್ಲ. ಒಂದು ಕೋಟಿ ಫೋನಿಗೆ ಲೆಕ್ಕ ಹಾಕಿದರೆ ಎಪ್ಪತ್ತು ಲಕ್ಷ ಯೂನಿಟ್ ಆಗುತ್ತದೆ, ಹಾಗಾಗಿ ನಾಡಿಗೆ ಅದು ಸಣ್ಣ ಮಾತಲ್ಲ. ನಿಮ್ಮ ಜೇಬಿಗೆ ಮಾತ್ರ ವ್ಯತ್ಯಾಸ ಕಾಣದು. ಫೋನ್ ತೆಗೆದ ಮೇಲೂ ಪ್ಲಗ್ಗಿನಲ್ಲೇ ಉರಿಯುತ್ತಾ ಬಿದ್ದಿರುವ ಚಾರ್ಜರ್ 0.1 ವ್ಯಾಟ್ ಎಳೆದರೂ ವರ್ಷಕ್ಕೆ ಅಷ್ಟೇ ಯೂನಿಟ್ ತಿಂದುಹಾಕುತ್ತದೆ. ಸ್ವಿಚ್ ಆಫ್ ಮಾಡಿದರೆ ಗ್ಯಾನ್ ಕೊಂಡಷ್ಟೇ ಉಳಿತಾಯ.

ಬೇಗ ಚಾರ್ಜ್ ಆಗುತ್ತದೆಯೇ? ಎಷ್ಟು ಬೇಕೆಂದು ನಿರ್ಧರಿಸುವುದು ಚಾರ್ಜರ್ ಅಲ್ಲ, ಫೋನು. 18 ವ್ಯಾಟ್ ಮಾತ್ರ ತೆಗೆದುಕೊಳ್ಳುವ ಫೋನಿಗೆ 65 ವ್ಯಾಟಿನ ಗ್ಯಾನ್ ಹಾಕಿದರೂ 18ರ ಮೇಲೆ ಹೋಗದು. ಕೆಲವು ಕಂಪನಿಯ ಫೋನುಗಳು ತಮ್ಮದೇ ಚಾರ್ಜರ್, ತಮ್ಮದೇ ಕೇಬಲ್ ಇದ್ದರೆ ಮಾತ್ರ ಪೂರ್ತಿ ವೇಗ ಕೊಡುತ್ತವೆ. ಅವಕ್ಕೆ ಬೇರೆ ಕಂಪನಿಯ ಗ್ಯಾನ್ ಹಾಕಿದರೆ ಮೊದಲಿಗಿಂತ ನಿಧಾನವೇ ಆಗಬಹುದು. ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಗ್ಯಾನ್ ನಿಜವಾಗಿ ಗೆಲ್ಲುವುದು ಒಂದು ಫೋನಿನಲ್ಲಲ್ಲ. ಲ್ಯಾಪ್‌ಟಾಪ್, ಎರಡು ಫೋನು, ಮಕ್ಕಳ ಟ್ಯಾಬ್ ಎಲ್ಲವೂ ಟೈಪ್-ಸಿ ಆಗಿದ್ದು, ಒಂದೇ 65 ವ್ಯಾಟಿನ ಚಾರ್ಜರಿನಿಂದ ನಡೆಸಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನನ್ನಂಥ ಜಿಲ್ಲಾ ವರದಿಗಾರನ ಚೀಲಕ್ಕೂ ಅದೇ ಸರಿ. ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಒಂದೇ ಪ್ಲಗ್ ಪಾಯಿಂಟ್ ಸಿಕ್ಕರೆ ಅದರಲ್ಲೇ ಫೋನೂ ಲ್ಯಾಪ್‌ಟಾಪೂ ನಡೆಯಬೇಕು. ಮನೆಯಲ್ಲಿ ಇಪ್ಪತ್ತು ವ್ಯಾಟಿನ ಫೋನು ಒಂದೇ ಇರುವವರು ಒಳ್ಳೆಯ ಸಿಲಿಕಾನ್ ಚಾರ್ಜರ್ ತೆಗೆದುಕೊಂಡರೆ ಏನೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮೂರಿನ ಕರೆಂಟಿಗೆ ತಡೆಯುತ್ತಾ?

ಲೋ ವೋಲ್ಟೇಜಿಗೆ ಎರಡೂ ತಡೆಯುತ್ತವೆ. ಚಾರ್ಜರಿನ ಬೆನ್ನಿನ ಮೇಲೆ ‘100–240 ವೋಲ್ಟ್’ ಎಂದು ಇದ್ದರೆ, ಸಂಜೆ ಪಂಪ್‌ಸೆಟ್ ಓಡುವಾಗ 150ಕ್ಕೆ ಇಳಿದರೂ ಫೋನ್ ಚಾರ್ಜ್ ಆಗುತ್ತದೆ. ಹಳೆಯ ಎಲಿಮಿನೇಟರಿಗೆ ಈ ಗುಣ ಇರಲಿಲ್ಲ.

ಹೈ ವೋಲ್ಟೇಜ್ ವಿಷಯ ಬೇರೆ. ಸಿಲಿಕಾನ್ ಸ್ವಿಚ್ಚಿಗೆ ಕೆರೆಯ ಕೋಡಿಯಂಥ ಒಂದು ಗುಣ ಇದೆ. ಒತ್ತಡ ಮಿತಿ ಮೀರಿದಾಗ ಕ್ಷಣಮಾತ್ರ ಹೆಚ್ಚಾದದ್ದನ್ನು ಹರಿಯಬಿಟ್ಟು, ಬಿಸಿಯಾಗಿ ನುಂಗಿಕೊಂಡು ಬದುಕುತ್ತದೆ. ಗ್ಯಾಲಿಯಂ ನೈಟ್ರೈಡಿಗೆ ಕೋಡಿ ಇಲ್ಲ. ಏರಿ ಮೀರಿದರೆ ಏರಿಯೇ ಒಡೆಯುತ್ತದೆ. ಇದು ತಯಾರಕರಿಗೆ ಗೊತ್ತಿರುವುದರಿಂದ ಏರಿಯನ್ನೇ ಎತ್ತರ ಕಟ್ಟುತ್ತಾರೆ. 650 ವೋಲ್ಟ್ ಎಂದು ಬರೆದ ಸ್ವಿಚ್ಚು ಕ್ಷಣಕಾಲ 750, 800 ತಡೆಯುವಂತಿರುತ್ತದೆ. ಕೆಲವು ಕಂಪನಿಗಳು ಅದಕ್ಕಿಂತ ಎತ್ತರದ್ದನ್ನೂ ಮಾಡುತ್ತವೆ. ಅಗ್ಗದ ಚಾರ್ಜರಿನಲ್ಲಿ ಏರಿ ಎಷ್ಟು ಎತ್ತರ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಆದರೆ ನಮ್ಮ ಕಡೆ ಚಾರ್ಜರ್ ಸುಡಲು ದೊಡ್ಡ ಕಾರಣಗಳಲ್ಲೊಂದು ಕಂಬದ ಮೇಲೆ ನ್ಯೂಟ್ರಲ್ ತಂತಿ ಕಟ್ ಆಗುವುದು. ಆಗ ಒಂದು ಮನೆಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ನುಗ್ಗುತ್ತದೆ. ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಂದೇ ರಾತ್ರಿ ಹೋಗುವುದು ಇಂಥ ದಿನವೇ. 300 ವೋಲ್ಟ್ ಬಂದರೆ ಚಾರ್ಜರಿನ ಒಳಗೆ ಅದು 424 ವೋಲ್ಟ್ ಡಿಸಿ ಆಗುತ್ತದೆ. ಅಲ್ಲಿ ಕೂತಿರುವ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದ್ದು. ಸ್ವಿಚ್ಚು ಗ್ಯಾನೋ ಸಿಲಿಕಾನೋ ಎಂಬ ಪ್ರಶ್ನೆ ಬರುವ ಮುಂಚೆಯೇ ಅದು ‘ಟಪ್’ ಅನ್ನಬಹುದು. ಆದ್ದರಿಂದ ಜಾಸ್ತಿ ದುಡ್ಡನ್ನು ಗ್ಯಾನಿಗೆ ಹಾಕುವ ಮೊದಲು, ಹೈ ವೋಲ್ಟೇಜ್ ಬಂದರೆ ತಾನೇ ಕಡಿದುಕೊಳ್ಳುವ ಕಟ್-ಆಫ್ ಸಾಧನವನ್ನು ಮೀಟರ್ ಬೋರ್ಡಿನ ಹತ್ತಿರ ಹಾಕಿಸುವುದು ಬುದ್ಧಿವಂತಿಕೆ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡುವ ಅಜ್ಜಿಯ ಪದ್ಧತಿಗಂತೂ ಯಾವ ಹರಳೂ ಸಾಟಿಯಿಲ್ಲ.

ಇನ್ನು ನಕಲಿ. ಡಬ್ಬಿಯ ಮೇಲೆ ಗ್ಯಾನ್ ಎಂದು ಬರೆಯಲು ಶಾಯಿ ಸಾಕು. ಒಳಗೆ ಇದೆಯೋ ಇಲ್ಲವೋ ಒಡೆಯದೆ ಗೊತ್ತಾಗದು. ನೀವು ನೋಡಬಹುದಾದದ್ದು ಬಿಐಎಸ್ ಗುರುತು ಮತ್ತು ಅದರ ಜೊತೆಗಿನ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬಾರದಿದ್ದರೆ ಅಥವಾ ಬೇರೆ ಹೆಸರು ಬಂದರೆ ಆ ಚಾರ್ಜರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಳ್ಳೆಯ ಸಿಲಿಕಾನು ಕೆಟ್ಟ ಗ್ಯಾನಿಗಿಂತ ಯಾವತ್ತೂ ಮೇಲು.

ರುದ್ರಪಟ್ಟಣದವರಿಗೆ ಮಾತ್ರ ಒಂದು ಹೆಚ್ಚಿನ ವಿಷಯ ಇದೆ. ವಿದ್ವಾನ್ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ತಂಬೂರಿಯ ಆಕಾರದ ಮಂದಿರ ಇರುವ ಊರು ಅದು. ಪಾಠಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡ ಮನೆಗಳು ಇಲ್ಲಿ ಇದ್ದೇ ಇರುತ್ತವೆ. ಆ ಪೆಟ್ಟಿಗೆಯೂ ಬೆಂಗಳೂರಿನದ್ದೇ, ಎಚ್‌ಎಎಲ್‌ನಲ್ಲಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಮಾಡಿದ್ದು. ಸ್ವಿಚ್ಚಿನ ಚಾರ್ಜರುಗಳು ಹೊಡೆದುಕೊಳ್ಳುವ ವೇಗ ಗದ್ದಲ ಎಬ್ಬಿಸುತ್ತದೆ. ಗ್ಯಾನಿನ ವೇಗ ಲಕ್ಷಗಳಲ್ಲಿ ಇರುವುದರಿಂದ ಆ ಗದ್ದಲ ಮೀಡಿಯಂ ವೇವ್ ರೇಡಿಯೋದ ಪಟ್ಟಿಯೊಳಗೇ ಬೀಳಬಹುದು. ಒಳ್ಳೆಯ ಚಾರ್ಜರಿನಲ್ಲಿ ಅದನ್ನು ಸೋಸುವ ಫಿಲ್ಟರ್ ಇರುತ್ತದೆ, ಅಗ್ಗದ್ದರಲ್ಲಿ ಅದನ್ನೇ ಮೊದಲು ಉಳಿಸುತ್ತಾರೆ. ಪರೀಕ್ಷೆ ಸುಲಭ. ಹಳೆಯ ರೇಡಿಯೋದಲ್ಲಿ 612ರ ಬೆಂಗಳೂರು ಆಕಾಶವಾಣಿ ಹಿಡಿದು, ಫೋನ್ ಚಾರ್ಜಿಗೆ ಹಾಕಿ, ಚಾರ್ಜರನ್ನು ರೇಡಿಯೋ ಹತ್ತಿರ ತನ್ನಿ. ಜೇನುಹುಳದ ಹಾಗೆ ಗುಂಯ್ ಅಂದರೆ ಫಿಲ್ಟರ್ ಕಳಪೆ ಎಂದು ಅನುಮಾನ ಪಡಿ. ತಂಬೂರಿ ಪೆಟ್ಟಿಗೆಗೆ ಕಂಪನಿ ಕೊಟ್ಟ ಅಡಾಪ್ಟರನ್ನೇ ಬಳಸಿ, ಫೋನಿನ ಚಾರ್ಜರನ್ನು ಅದೇ ಪ್ಲಗ್ ಬೋರ್ಡಿನಿಂದ ದೂರ ಇಡಿ. ಹಳೆಯ ಭಾರದ ಅಡಾಪ್ಟರ್ ಇನ್ನೂ ಕೆಲಸ ಮಾಡುತ್ತಿದ್ದರೆ ಗುಜರಿಯವನಿಗೆ ಕೊಡಬೇಡಿ.